ಒಂದೇ ಮನೆ, ಒಂದೇ ಮುದ್ದೆ: ಕೋಲಾರದ ಮಂಡಿ ರೈಟರ್ ಒಬ್ಬರ ಬೊಜ್ಜಿನ ಪ್ರಕರಣ

ಅಣ್ಣನಿಗೆ 36, ತಮ್ಮನಿಗೆ 32. ಕೋಲಾರ ತಾಲ್ಲೂಕಿನ ಒಂದೇ ಮನೆಯಲ್ಲಿ ಒಂದೇ ಒಲೆಯ ರಾಗಿಮುದ್ದೆ, ಬಸ್ಸಾರು ಉಂಡು ಬೆಳೆದವರು. ಅಣ್ಣ ತೋಟ ನೋಡಿಕೊಳ್ಳುತ್ತಾರೆ. ಎತ್ತರ 170 ಸೆಂ.ಮೀ., ತೂಕ 66 ಕೆ.ಜಿ. ತಮ್ಮ ಟೊಮೆಟೊ ಮಂಡಿಯಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಎತ್ತರ 168 ಸೆಂ.ಮೀ., ಚಿಕಿತ್ಸೆಗೆ ಬಂದಾಗ ತೂಕ 96 ಕೆ.ಜಿ. ಈ ಪ್ರಕರಣ ತಮ್ಮನದು. ಗುರುತು ಸಿಗಬಾರದೆಂದು ಊರು, ಮನೆತನದ ಕೆಲವು ವಿವರ ಬದಲಿಸಿದೆ.

ಮನೆಯಲ್ಲೂ ಮಂಡಿಯಲ್ಲೂ ಅವರು ಕೇಳುತ್ತಾ ಬಂದ ಮಾತು ಒಂದೇ: "ನಿಮ್ಮಣ್ಣನ್ನ ನೋಡಿ ಕಲ್ತ್ಕೋ, ಸ್ವಲ್ಪ ಬಾಯಿ ಕಟ್ಟು." ಕೇಳಿ ಕೇಳಿ ಅವರೂ ಅದನ್ನೇ ನಂಬಿದ್ದರು. ಬಿಡಿಸಬೇಕಾಗಿದ್ದ ಮೊದಲ ಗಂಟು ಈ ನಂಬಿಕೆಯೇ.

ಮೊದಲ ತಪಾಸಣೆ

ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಅಂಕ, 34. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬ ಮಿತಿ ಬಳಕೆಯಲ್ಲಿದೆ. ಸೊಂಟದ ಸುತ್ತಳತೆ 110 ಸೆಂ.ಮೀ.; ನಮ್ಮ ಗಂಡಸರಿಗೆ 90ರ ಒಳಗಿರಬೇಕು. ಕತ್ತಿನ ಹಿಂಭಾಗ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿತ್ತು. ಮನೆಯವರು ಅದನ್ನು ಕೊಳೆ ಎಂದು ತಿಳಿದು ತೆಂಗಿನ ನಾರಿನಿಂದ ಉಜ್ಜಿಸುತ್ತಿದ್ದರು. ಅದು ಕೊಳೆಯಲ್ಲ, ದೇಹದಲ್ಲಿ ಇನ್ಸುಲಿನ್ ಅತಿಯಾಗಿ ಸುರಿಯುತ್ತಿರುವುದರ ಗುರುತು. ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಪರೀಕ್ಷೆ) 6.2, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಖಾಲಿ ಹೊಟ್ಟೆಯ ಇನ್ಸುಲಿನ್ 24. ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಸಿಗುವ ಹೋಮಾ ಸೂಚ್ಯಂಕ 6.6. ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳದ ಸ್ಥಿತಿ, ಇದೆ ಎನ್ನಲು ಇದು ಧಾರಾಳ ಸಾಕು. ಸ್ಕ್ಯಾನಿಂಗ್‌ನಲ್ಲಿ ಯಕೃತ್ತಿನಲ್ಲಿ ಕೊಬ್ಬು ಕಂಡಿತು. ಥೈರಾಯ್ಡ್ ಸರಿಯಿತ್ತು. ಸ್ಟಿರಾಯ್ಡ್, ಒಲಾಂಜಪಿನ್, ವಾಲ್‌ಪ್ರೊಯೇಟ್‌ನಂಥ ತೂಕ ಏರಿಸುವ ಯಾವ ಮಾತ್ರೆಯನ್ನೂ ಅವರು ನುಂಗುತ್ತಿರಲಿಲ್ಲ. ಇದನ್ನು ಕೇಳದೆ ಮುಂದೆ ಹೋಗಬಾರದು.

ತಾಯಿಗೆ 41ಕ್ಕೇ ಸಕ್ಕರೆ ಕಾಯಿಲೆ. ತಂದೆ 58ರಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಸೋದರಮಾವಂದಿರಲ್ಲಿ ಇಬ್ಬರು ದಪ್ಪ. ತಮ್ಮ ಹುಟ್ಟಿದಾಗ ಎರಡೂವರೆ ಕೆ.ಜಿ.ಯೂ ಇರಲಿಲ್ಲವೆಂದು ತಾಯಿ ನೆನಪಿಸಿಕೊಂಡರು. ಮೂರನೇ ಕ್ಲಾಸಿನವರೆಗೂ ಸಣಕಲ, ಹೈಸ್ಕೂಲಿಗೆ ಬರುವಷ್ಟರಲ್ಲಿ ದಪ್ಪ.

ಈ ಕೊನೆಯ ವಿವರಕ್ಕೆ ಬೆಲೆ ಇದೆ. ಒಂದೇ ಜೀನ್ ಕೆಟ್ಟು ಬರುವ ಬೊಜ್ಜು ಸಾಮಾನ್ಯವಾಗಿ ಐದು ವರ್ಷದೊಳಗೇ ತೋರುತ್ತದೆ. ಮಗು ಅನ್ನಕ್ಕಾಗಿ ರಚ್ಚೆ ಹಿಡಿಯುತ್ತದೆ, ಕದ್ದು ತಿನ್ನುತ್ತದೆ, ಎಷ್ಟು ಕೊಟ್ಟರೂ ಸಾಕು ಎನ್ನುವುದಿಲ್ಲ. 1997ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಯಾದ, ಪಾಕಿಸ್ತಾನ ಮೂಲದ ಕುಟುಂಬದ ಇಬ್ಬರು ಮಕ್ಕಳಲ್ಲಿ ಕೊಬ್ಬಿನಿಂದ ಹೊರಟು ಮೆದುಳಿಗೆ ಸಾಕು ಎನ್ನುವ ಲೆಪ್ಟಿನ್ ಎಂಬ ಹಾರ್ಮೋನೇ ತಯಾರಾಗುತ್ತಿರಲಿಲ್ಲ. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವೂ ತೂಕವೂ ಇಳಿದವು. ಹಸಿವನ್ನು ಹತೋಟಿಯಲ್ಲಿಡುವ ಎಂಸಿ4ಆರ್ ಜೀನಿನ ದೋಷ ಇದಕ್ಕಿಂತ ಹೆಚ್ಚು ಸಿಗುತ್ತದೆ. ಎಳವೆಯ ಬೊಜ್ಜಿನ ಜತೆಗೆ ಕಣ್ಣಿನ ತೊಂದರೆ, ಆರನೇ ಬೆರಳು, ಕಲಿಕೆಯ ಹಿನ್ನಡೆ ಇದ್ದರೆ ತಡಮಾಡದೆ ಜೆನೆಟಿಕ್ಸ್ ತಜ್ಞರ ಹತ್ತಿರ ಕಳಿಸಬೇಕು. ಇವರಲ್ಲಿ ಇವು ಯಾವುವೂ ಇರಲಿಲ್ಲ. ಹಾಗಾಗಿ ಜೀನ್ ಪರೀಕ್ಷೆ ಬರೆಯುವುದು ಬೇಡವೆಂದು ಚಿಕಿತ್ಸೆಯ ತಂಡ ನಿರ್ಧರಿಸಿತು. ಆ ಪರೀಕ್ಷೆ ಬೇರೆ ದಾರಿಯಲ್ಲಿ ಬಂದು ತೊಂದರೆ ಕೊಟ್ಟದ್ದು ಆಮೇಲೆ.

ಹಿಂದೆ ಮಾಡಿ ಸೋತದ್ದು

ಈ ಚಿಕಿತ್ಸೆಗೆ ಬರುವ ಒಂದು ವರ್ಷ ಮೊದಲು ಅವರು ಯಾರೋ ಕೊಟ್ಟ ಡಯಟ್ ಚಾರ್ಟ್ ಹಿಡಿದಿದ್ದರು. ದಿನಕ್ಕೆ 1,200 ಕ್ಯಾಲೊರಿ, ಮುದ್ದೆ ಬಂದ್, ಎರಡು ಚಪಾತಿ, ಸೌತೆಕಾಯಿ. ಎರಡು ತಿಂಗಳಾಗುವ ಮೊದಲೇ 94ರಿಂದ 88 ಕೆ.ಜಿ.ಗೆ ಇಳಿದರು. ಆಮೇಲೆ ರಾತ್ರಿ ನಿದ್ದೆಯಿಂದ ಎದ್ದು ಡಬ್ಬ ಹುಡುಕುವಂತಾಯಿತು. ನಾಲ್ಕೇ ತಿಂಗಳಲ್ಲಿ ತೂಕ 96.

ಇದನ್ನು ಚಪಲ ಎಂದು ಬರೆದುಕೊಂಡರೆ ಪ್ರಕರಣ ಅಲ್ಲಿಗೇ ಕೆಡುತ್ತದೆ. ಕೊಬ್ಬು ಬೇಗ ಕರಗಿದಾಗ ರಕ್ತದಲ್ಲಿ ಲೆಪ್ಟಿನ್ ಬೀಳುತ್ತದೆ. ಹಸಿವನ್ನು ನಡೆಸುವ ಮೆದುಳಿನ ಭಾಗವಾದ ಹೈಪೊಥಲಾಮಸ್ ಅದನ್ನು ಬರಗಾಲ ಎಂದು ಓದಿ ಹಸಿವನ್ನು ಏರಿಸುತ್ತದೆ, ದೇಹ ಸುಡುವ ಶಕ್ತಿಯನ್ನು ಇಳಿಸುತ್ತದೆ. ಆ ಚಾರ್ಟಿನಲ್ಲಿ ಪ್ರೋಟೀನ್ ಕಡಿಮೆಯಿತ್ತು, ಮೈ ದಂಡಿಸುವ ಕೆಲಸ ಇರಲೇ ಇಲ್ಲ. ಕರಗಿದ ಆರು ಕೆ.ಜಿ.ಯಲ್ಲಿ ಸ್ನಾಯುವೂ ಸೇರಿತ್ತೆಂದು ಎಣಿಸಬೇಕು. ಇಂಥ ಚಾರ್ಟುಗಳನ್ನು ಜೆರಾಕ್ಸ್ ಮಾಡಿ ಎಲ್ಲರಿಗೂ ಹಂಚುವುದು ಇಂದಿಗೂ ನಿಂತಿಲ್ಲ ಎಂಬುದು ನಿಜಕ್ಕೂ ನೋವಿನ ಸಂಗತಿ.

ಚೀಟಿಯ ಹಿಂಬದಿಯ ಲೆಕ್ಕ

ಈ ಸಲ ಮೊದಲು ಊಟ ಕಡಿಮೆ ಮಾಡಿಸಲಿಲ್ಲ. ಒಂದು ವಾರ ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು, ತಿನ್ನುವ ಮೊದಲು ಹಸಿವೆಷ್ಟು, ತಿಂದ 20 ನಿಮಿಷಕ್ಕೆ ಹಸಿವೆಷ್ಟು ಎಂದು ಸೊನ್ನೆಯಿಂದ ಹತ್ತರ ಅಂಕದಲ್ಲಿ ಬರೆಯಲು ಹೇಳಲಾಯಿತು. ರೈಟರ್ ಆದ್ದರಿಂದ ಲೆಕ್ಕ ಇಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಮಂಡಿಯ ಚೀಟಿಗಳ ಹಿಂಬದಿಯಲ್ಲೇ ಬರೆದು ತಂದರು. ಒಂದು ದಿನದ್ದು ಹೀಗಿತ್ತು:

"5.10 ಟೀ, ಬನ್ನು. ಹಸಿವು 6, ಆಮೇಲೆ 5. 7.40 ಟೀ. 10.30 ಮೆಣಸಿನಕಾಯಿ ಬಜ್ಜಿ 4, ಟೀ. 7, ಆಮೇಲೆ 5. 3.15 ಅನ್ನ ಸಾರು. 8, ಆಮೇಲೆ 4. 6.00 ಟೀ, ಬೆಣ್ಣೆ ಬಿಸ್ಕತ್ತು. ರಾತ್ರಿ 10.20 ಮುದ್ದೆ 2, ಅನ್ನ, ಸಾರು. 9, ಆಮೇಲೆ 4. 11.30 ಮಿಕ್ಸ್ಚರ್."

ಆ ದಿನ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ: ಅಂದಾಜು 40 ಗ್ರಾಂ, 160 ಕ್ಯಾಲೊರಿ. ದಿನದ ಊಟದ ಅರ್ಧದಷ್ಟು ರಾತ್ರಿ ಒಂಬತ್ತರ ಮೇಲೆ. ನಿದ್ದೆ ನಾಲ್ಕೂವರೆ ಗಂಟೆ. ಆದರೆ ಕಣ್ಣು ಸೆಳೆದದ್ದು 'ಆಮೇಲೆ' ಎಂದು ಬರೆದ ಅಂಕ. ಯಾವ ಊಟದ ಮೇಲೂ ಅದು ನಾಲ್ಕಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಒಂದು ಭಾನುವಾರ ಅಣ್ಣ ತಮ್ಮ ಇಬ್ಬರೂ ತೂಕ ಮಾಡಿದ ಒಂದೇ ಊಟ ಮಾಡಿದರು: 240 ಗ್ರಾಂ ಮುದ್ದೆ, ಎರಡು ಸೌಟು ಅವರೆಕಾಳು ಸಾರು. ಇಪ್ಪತ್ತು ನಿಮಿಷದ ಮೇಲೆ ಅಣ್ಣನ ಹಸಿವು 1, ತಮ್ಮನದು 4. ಇದು ವೈಜ್ಞಾನಿಕ ಪುರಾವೆಯಲ್ಲ, ಇಬ್ಬರ ಮಾತಿನ ಲೆಕ್ಕ ಅಷ್ಟೇ. ಆದರೂ ಇಷ್ಟು ವರ್ಷ ಮಗನನ್ನು ಬೈಯುತ್ತಿದ್ದ ತಾಯಿ ಆ ಚೀಟಿ ನೋಡಿ, "ಇವನಿಗೆ ಹೊಟ್ಟೆ ತುಂಬೋದೇ ಇಲ್ವಾ ಹಂಗಾರೆ?" ಎಂದರು. ಚಿಕಿತ್ಸೆ ನಿಜವಾಗಿ ಶುರುವಾದದ್ದು ಆ ಪ್ರಶ್ನೆಯಿಂದ.

ಮೆದುಳು ಇನ್ಸುಲಿನ್‌ಗೆ ಕಿವಿಗೊಡದಿದ್ದರೆ

ಇನ್ಸುಲಿನ್ ಎಂದರೆ ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್ ಎಂದಷ್ಟೇ ನಮಗೆ ಪರಿಚಯ. ಊಟದ ನಂತರ ಅದು ಮೆದುಳಿಗೂ ದಾಟುತ್ತದೆ. ಅಲ್ಲಿ ಹೈಪೊಥಲಾಮಸ್‌ಗೂ, ರುಚಿ ಮತ್ತು ಆಸೆಯನ್ನು ನಡೆಸುವ ಭಾಗಗಳಿಗೂ ಸಾಕು ಎನ್ನುವ ಸಂದೇಶ ಮುಟ್ಟಿಸುತ್ತದೆ. 1979ರಲ್ಲಿ ಬಬೂನ್ ಕೋತಿಗಳ ಮೆದುಳಿನ ದ್ರವಕ್ಕೆ ಇನ್ಸುಲಿನ್ ಹರಿಸಿದಾಗ ಅವು ಕಡಿಮೆ ತಿಂದು ತೂಕ ಇಳಿಸಿಕೊಂಡವು. 2000ದಲ್ಲಿ ಇಲಿಗಳ ನರಕೋಶಗಳಿಂದ ಮಾತ್ರ ಇನ್ಸುಲಿನ್ ಗ್ರಾಹಕವನ್ನು, ಅಂದರೆ ಅದರ ಸಂದೇಶ ಹಿಡಿಯುವ ಭಾಗವನ್ನು, ತೆಗೆದು ನೋಡಿದಾಗ ಅವುಗಳ ಮೈಯಲ್ಲಿ ಕೊಬ್ಬು ಕೂಡಿಕೊಂಡಿತು, ಹೆಣ್ಣಿಲಿಗಳು ಹೆಚ್ಚು ತಿಂದವು.

ಮನುಷ್ಯರಲ್ಲಿ ಇದನ್ನು ಮೂಗಿಗೆ ಇನ್ಸುಲಿನ್ ಸಿಂಪಡಿಸಿ, ಎಂಆರ್‌ಐ ತೆಗೆದು ಅಳೆಯುತ್ತಾರೆ. ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು ಈ ಕೆಲಸದಲ್ಲಿ ಮುಂದಿದ್ದಾರೆ. ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರ ಮೆದುಳು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತಿತ್ತೋ ಅವರು ಎರಡು ವರ್ಷದ ಆಹಾರ, ವ್ಯಾಯಾಮದ ಕಾರ್ಯಕ್ರಮದಲ್ಲಿ ಹೆಚ್ಚು ತೂಕವನ್ನೂ ಹೊಟ್ಟೆಯೊಳಗಿನ ಕೊಬ್ಬನ್ನೂ ಕಳೆದುಕೊಂಡರು. ಸ್ಪಂದನೆ ಮಂದವಾಗಿದ್ದವರು ಮೊದಮೊದಲು ಸ್ವಲ್ಪ ಇಳಿದು ಮತ್ತೆ ಏರಿದರು. ಒಂಬತ್ತು ವರ್ಷದ ಮೇಲೂ ಈ ವ್ಯತ್ಯಾಸ ಕಂಡಿತು. ಒಂದೇ ಕಾರ್ಯಕ್ರಮ, ಎರಡು ಬಗೆಯ ಫಲ.

ಜೀನ್‌ಗೂ ಇದಕ್ಕೂ ನಂಟಿದೆ. 2007ರಲ್ಲಿ ಬೊಜ್ಜಿನ ಜತೆ ಥಳುಕು ಹಾಕಿಕೊಂಡದ್ದು ಕಂಡ ಎಫ್‌ಟಿಒ ಜೀನಿನ ಒಂದು ರೂಪ ಇರುವವರಲ್ಲಿ ಇನ್ಸುಲಿನ್‌ಗೆ ಮೆದುಳಿನ ಸ್ಪಂದನೆ ಕಡಿಮೆ ಎಂದು ಅದೇ ಟ್ಯೂಬಿಂಗನ್ ಗುಂಪು ತೋರಿಸಿತ್ತು. ಆದರೆ ಸ್ಪಂದನೆ ಹುಟ್ಟಿನಿಂದಲೇ ಗಟ್ಟಿಯಾಗಿ ಕೂತಿರುವುದಿಲ್ಲ. 2025ರ ಅವರ ಅಧ್ಯಯನದಲ್ಲಿ ಸಾಮಾನ್ಯ ತೂಕದ ಗಂಡಸರಿಗೆ ಐದೇ ದಿನ ಚಾಕೊಲೇಟ್, ಚಿಪ್ಸ್‌ನಂಥ ತಿಂಡಿ ಹೆಚ್ಚುವರಿ ಕೊಟ್ಟರು. ತೂಕ ಹೇಳಿಕೊಳ್ಳುವಷ್ಟು ಏರಲಿಲ್ಲ, ಆದರೆ ಯಕೃತ್ತಿನ ಕೊಬ್ಬು ಏರಿತು, ಮೆದುಳಿನ ಇನ್ಸುಲಿನ್ ಸ್ಪಂದನೆ ಬದಲಾಗಿ, ಮಾಮೂಲಿ ಊಟಕ್ಕೆ ಮರಳಿದ ಒಂದು ವಾರದ ಮೇಲೂ ಪೂರ್ತಿ ಸರಿಹೋಗಿರಲಿಲ್ಲ. 2022ರ ಇನ್ನೊಂದು ಅಧ್ಯಯನದಲ್ಲಿ ಎಂಟು ವಾರದ ವ್ಯಾಯಾಮ ಅದೇ ಸ್ಪಂದನೆಯನ್ನು ಸುಧಾರಿಸಿತ್ತು. ಬಜ್ಜಿ ಕೆಡಿಸಬಲ್ಲದ್ದನ್ನು ಕಾಲ್ನಡಿಗೆ ಸರಿಪಡಿಸಬಲ್ಲದು ಎಂಬ ಈ ಒಂದು ಅಂಶದ ಮೇಲೆ ಇಡೀ ಯೋಜನೆ ನಿಂತಿತ್ತು.

ಇವರ ಮೆದುಳಿನ ಸ್ಪಂದನೆಯನ್ನು ಯಾರೂ ಅಳೆದಿಲ್ಲ. ಅದು ಸಂಶೋಧನೆಯ ಪರೀಕ್ಷೆ, ಚಿಕಿತ್ಸೆಗೆಂದು ಬರೆದುಕೊಡುವಂಥದ್ದಲ್ಲ. ಕತ್ತಿನ ಕಪ್ಪು, 6.6ರ ಸೂಚ್ಯಂಕ, ಯಕೃತ್ತಿನ ಕೊಬ್ಬು, ಇಳಿಯದ ಹಸಿವಿನ ಅಂಕ ಇವನ್ನು ಒಟ್ಟಿಗೆ ಇಟ್ಟು ಮಾಡಿದ ಊಹೆ ಅದು. ಊಹೆಯೆಂದೇ ಅವರಿಗೂ ಹೇಳಲಾಯಿತು.

ಎರಡನೇ ಯೋಜನೆ

ಮುದ್ದೆ ಉಳಿಯಿತು. ಅವರೂ ತಾಯಿಯೂ ಇದನ್ನು ನಂಬಲು ಎರಡು ಸಲ ಹೇಳಬೇಕಾಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕೆಟ್ಟದ್ದು ಮುದ್ದೆಯ ಗಾತ್ರ, ಉಣ್ಣುವ ಹೊತ್ತು, ಮತ್ತು ಜತೆಗಿದ್ದ ನೀರು ಸಾರು. 350 ಗ್ರಾಂನ ಎರಡು ಮುದ್ದೆಗೆ ಬದಲು 220 ಗ್ರಾಂನ ಒಂದು. ಸಾರಿನಲ್ಲಿ ಕಾಳು ಕಾಣುವಷ್ಟು: ಒಬ್ಬರಿಗೆ ಒಣಗಿದ ಹುರುಳಿ, ಅವರೆ ಅಥವಾ ಹೆಸರುಕಾಳು 60 ಗ್ರಾಂ. ಮೊದಲು ಸೊಪ್ಪಿನ ಪಲ್ಯ, ಕಾಳು, ಆಮೇಲೆ ಮುದ್ದೆ. ಬೆಳಗ್ಗೆ ಬನ್ನಿನ ಬದಲು ಎರಡು ಬೇಯಿಸಿದ ಮೊಟ್ಟೆ. ಹತ್ತೂವರೆಗೆ ಬಜ್ಜಿಯ ಬದಲು ಕಡಲೆ ಉಸಲಿ, ಇಲ್ಲವೇ 40 ಗ್ರಾಂ ಹುರಿಗಡಲೆ. ಟೀ ಮೂರು, ಅರ್ಧ ಚಮಚ ಸಕ್ಕರೆ. ದಿನದ ಪ್ರೋಟೀನ್ ಗುರಿ 75 ಗ್ರಾಂ.

ರಾತ್ರಿ ಊಟವನ್ನು ಕ್ಯಾರಿಯರ್‌ನಲ್ಲಿ ಮಂಡಿಗೇ ತರಿಸಿ ಏಳೂವರೆಗೆ ಮುಗಿಸುವುದು. ಪ್ರತಿ ಊಟದ ಮೇಲೆ 15 ನಿಮಿಷ ನಡಿಗೆ. ಜಿಮ್ ಕೋಲಾರ ಪಟ್ಟಣದಲ್ಲಿತ್ತು, ಹೋಗಲು ಹೊತ್ತಿರಲಿಲ್ಲ. ಆದರೆ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್‌ಗೆ ಬರವೇ? ತುಂಬಿದ ಬಾಕ್ಸನ್ನು ಎದೆಗೆ ಅವುಚಿಕೊಂಡು ಬೆನ್ನು ನೆಟ್ಟಗಿಟ್ಟು ಕೂತು ಏಳುವುದು, ಹತ್ತರಂತೆ ಮೂರು ಸಲ, ವಾರಕ್ಕೆ ಮೂರು ದಿನ. ಮೂರನೇ ವಾರ ಹುಮ್ಮಸ್ಸಿನಲ್ಲಿ ಎರಡು ಬಾಕ್ಸ್ ಪೇರಿಸಿ ಎತ್ತಿ ಸೊಂಟ ಹಿಡಿಸಿಕೊಂಡರು. ಹತ್ತು ದಿನ ನಿಲ್ಲಿಸಿ ಖಾಲಿ ಬಾಕ್ಸ್‌ನಿಂದ ಮತ್ತೆ ಶುರು ಮಾಡಿಸಬೇಕಾಯಿತು.

ನಿದ್ದೆಯನ್ನು ಆರೂವರೆ ಗಂಟೆಗೆ ಏರಿಸುವುದೇ ಎಲ್ಲಕ್ಕಿಂತ ಕಷ್ಟವಾದದ್ದು. ಅದು ಅವರ ಕೈಯಲ್ಲಿರಲಿಲ್ಲ, ಮಾಲೀಕರ ಕೈಯಲ್ಲಿತ್ತು. ವೈದ್ಯರ ಪತ್ರ ತೋರಿಸಿ, ಇನ್ನೊಬ್ಬ ರೈಟರ್ ಜತೆ ಬೆಳಗಿನ ಪಾಳಿ ದಿನ ಬಿಟ್ಟು ದಿನ ಹಂಚಿಕೊಳ್ಳಲು ಒಪ್ಪಿಗೆ ಪಡೆದರು. ಆ ಒಪ್ಪಿಗೆ ಸಿಗದಿದ್ದರೆ ಉಳಿದದ್ದೆಲ್ಲ ಕಾಗದದಲ್ಲೇ ಉಳಿಯುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಸಕ್ಕರೆಯ ಹೊಸ್ತಿಲಲ್ಲಿದ್ದುದರಿಂದ ವೈದ್ಯರು ಮೆಟ್‌ಫಾರ್ಮಿನ್ ಎಂಬ ಸಕ್ಕರೆ ತಗ್ಗಿಸುವ ಮಾತ್ರೆ 500 ಮಿ.ಗ್ರಾಂ. ಊಟದ ಜತೆ ಶುರುಮಾಡಿ, ಹೊಟ್ಟೆ ಒಗ್ಗಿದ ಮೇಲೆ ದಿನಕ್ಕೆ ಎರಡು ಮಾಡಿದರು. ಮೊದಲ ವಾರ ಭೇದಿ ಆಗಬಹುದೆಂದು ಮುಂಚೆಯೇ ಹೇಳಿದ್ದರಿಂದ ಅವರು ಮಾತ್ರೆ ಬಿಡಲಿಲ್ಲ.

ಐದನೇ ವಾರ ತೂಕ ನಿಂತುಬಿಟ್ಟಿತು. ಮುದ್ದೆ ಬಿಡಿಸಿ ಎಂದು ತಾಯಿ ಒತ್ತಾಯಿಸಿದರು. ಆದರೆ ಸೊಂಟ ಎರಡು ಸೆಂ.ಮೀ. ಇಳಿದಿತ್ತು, ಚೀಟಿಯಲ್ಲಿ ರಾತ್ರಿಯ ಹಸಿವು 7ಕ್ಕೆ ಏರಿತ್ತು. ತಂಡ ಊಟವನ್ನು ಇಳಿಸದೆ ಮಧ್ಯಾಹ್ನಕ್ಕೆ 30 ಗ್ರಾಂ ಕಾಳು ಹೆಚ್ಚಿಸಿತು. ರಾತ್ರಿಯ ಅಂಕ ಹತ್ತು ದಿನದಲ್ಲಿ 4ಕ್ಕೆ ಬಂತು, ತೂಕ ಮತ್ತೆ ಇಳಿಯತೊಡಗಿತು. ಮೂರು ತಿಂಗಳಿಗೆ 91.5 ಕೆ.ಜಿ., ಸೊಂಟ 103 ಸೆಂ.ಮೀ.

ಜೀನ್ ರಿಪೋರ್ಟ್ ತಂದ ಹಿನ್ನಡೆ

ನಾಲ್ಕನೇ ತಿಂಗಳು ಅವರು ಬರಲಿಲ್ಲ. ಫೋನ್ ಮಾಡಿದಾಗ ತಿಳಿದದ್ದು: ಯಾರದೋ ಸಲಹೆಯಿಂದ ಎಂಜಲು ಕಳಿಸಿ ಖಾಸಗಿ ಜೀನ್ ಪರೀಕ್ಷೆ ಮಾಡಿಸಿದ್ದರು. ಎಫ್‌ಟಿಒ ಅಪಾಯದ ರೂಪ ತಾಯಿ, ತಂದೆ ಇಬ್ಬರಿಂದ ಬಂದ ಎರಡೂ ಪ್ರತಿಯಲ್ಲಿದೆ ಎಂದು ಕೆಂಪು ಅಕ್ಷರದಲ್ಲಿ ಬಂದಿತ್ತು. "ರಕ್ತದಾಗೇ ಐತಲ್ಲ ಸಾರ್, ನಡೆದ್ರೆ ಏನ್ ಬಂತು?" ಎಂದರು.

ಅವರನ್ನು ಕರೆಸಿ, ರಿಪೋರ್ಟ್ ಮುಂದಿಟ್ಟುಕೊಂಡೇ ಲೆಕ್ಕ ಮಾಡಲಾಯಿತು. ಆ ರೂಪ ಎರಡೂ ಪ್ರತಿಯಲ್ಲಿ ಇರುವವರು, ಒಂದೂ ಇಲ್ಲದವರಿಗಿಂತ ಸರಾಸರಿ ಸುಮಾರು 3 ಕೆ.ಜಿ. ಹೆಚ್ಚು ತೂಗುತ್ತಾರೆ. ಅಣ್ಣನಿಗೂ ಅವರಿಗೂ ಶುರುವಿನಲ್ಲಿದ್ದ ಅಂತರ 30 ಕೆ.ಜಿ. ಉಳಿದ 27 ಎಲ್ಲಿಂದ? ಅವಳಿ ಮಕ್ಕಳ ಅಧ್ಯಯನಗಳು ಬಿಎಂಐ ವ್ಯತ್ಯಾಸದ 40ರಿಂದ 70 ಶೇಕಡಾ ಅನುವಂಶೀಯವೆಂದು ಹೇಳುತ್ತವೆ. ಆದರೆ ಸುಮಾರು 7 ಲಕ್ಷ ಜನರ ಮೇಲೆ ನಡೆದ 2018ರ ವಿಶ್ಲೇಷಣೆಯಲ್ಲಿ ಸಿಕ್ಕ 941 ಜೀನ್ ಗುರುತುಗಳು ಒಟ್ಟುಗೂಡಿ ವಿವರಿಸಿದ್ದು ಆ ವ್ಯತ್ಯಾಸದ ಶೇ. 6ರಷ್ಟನ್ನು. ಅಣ್ಣತಮ್ಮಂದಿರು ಜೀನ್ ವ್ಯತ್ಯಾಸಗಳನ್ನು ಹಂಚಿಕೊಳ್ಳುವುದೂ ಸರಾಸರಿ ಅರ್ಧ ಮಾತ್ರ. ಒಂದು ಜೀನಿನ ಕೆಂಪು ಅಕ್ಷರ ಇಷ್ಟು ದೊಡ್ಡ ಚಿತ್ರದ ಮೂಲೆ.

ಅವರನ್ನು ಮರಳಿ ತಂದದ್ದು ಇನ್ನೊಂದು ಅಂಕಿ. ಎರಡು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ, ಮೈ ದಂಡಿಸುವವರಲ್ಲಿ ಎಫ್‌ಟಿಒ ತರುವ ಬೊಜ್ಜಿನ ಅಪಾಯ ಶೇ. 27ರಷ್ಟು ತಗ್ಗಿತ್ತು. "ಅಂದ್ರೆ ಬೇರೆಯವರಿಗಿಂತ ನಂಗೇ ನಡೆಯೋದು ಜಾಸ್ತಿ ಬೇಕು" ಎಂದು ಅವರೇ ಅರ್ಥ ಮಾಡಿಕೊಂಡರು. ಇಂಥ ರಿಪೋರ್ಟನ್ನು ವಿವರಿಸುವವರಿಲ್ಲದೆ ಕೈಗೆ ಕೊಡಬಾರದು. 2019ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ, ವ್ಯಾಯಾಮಕ್ಕೆ ಒಗ್ಗದ ಜೀನ್ ನಿಮಗಿದೆ ಎಂದು ಹೇಳಿಸಿಕೊಂಡವರ ಓಟದ ಶಕ್ತಿಯೇ ಕುಗ್ಗಿತ್ತು, ಆ ಜೀನ್ ನಿಜವಾಗಿ ಇದ್ದರೂ ಇಲ್ಲದಿದ್ದರೂ.

ಸೀಸನ್ ಮತ್ತು ಫಲಿತಾಂಶ

ಜುಲೈ, ಆಗಸ್ಟ್‌ನಲ್ಲಿ ಮಂಡಿಗೆ ಮಾಲು ಸುರಿಯಿತು. ಪಾಳಿ ಹಂಚಿಕೆ ಮುರಿಯಿತು, ತೂಕ 2.5 ಕೆ.ಜಿ. ಏರಿತು. ಆಗ ಇಳಿಸುವ ಗುರಿಯನ್ನೇ ಕೈಬಿಟ್ಟು ಎರಡನ್ನು ಮಾತ್ರ ಹಿಡಿಯಲು ಹೇಳಲಾಯಿತು: ಏಳೂವರೆಯ ಊಟ, ಎರಡು ತುಂಡಾಗಿಯಾದರೂ ಆರು ಗಂಟೆ ನಿದ್ದೆ. ಸೀಸನ್ ಮುಗಿದ ಮೇಲೆ ಉಳಿದದ್ದನ್ನು ಮತ್ತೆ ಸೇರಿಸಲಾಯಿತು.

ವರ್ಷದ ಕೊನೆಗೆ 86 ಕೆ.ಜಿ., ಅಂದರೆ ಮೊದಲಿನ ತೂಕದ ಶೇ. 10 ಇಳಿಕೆ. ಸೊಂಟ 97. ಖಾಲಿ ಹೊಟ್ಟೆಯ ಸಕ್ಕರೆ 98, ಎಚ್‌ಬಿಎ1ಸಿ 5.7, ಇನ್ಸುಲಿನ್ 13, ಸೂಚ್ಯಂಕ 3.1. ಕತ್ತಿನ ಕಪ್ಪು ತಿಳಿಯಾಗಿದೆ. ಊಟದ ನಂತರದ ಹಸಿವು ಈಗ 2ರಿಂದ 3. ಬಿಎಂಐ ಇನ್ನೂ 30.5, ಬೊಜ್ಜು ಹೋಗಿಲ್ಲ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚುವ ಔಷಧಿಗಳಾದ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಗ್ಗೆಯೂ ಮಾತಾಯಿತು. ಅವೂ ಮೆದುಳಿನ ಹಸಿವಿನ ಕೇಂದ್ರಗಳ ಮೇಲೆಯೇ ಕೆಲಸ ಮಾಡುತ್ತವೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ಮರಳಿ ಬಂದದ್ದು 2022ರಲ್ಲಿ ವರದಿಯಾಗಿದೆ. ಖರ್ಚು ಎಷ್ಟು ಕಾಲ ಹೊರಬಲ್ಲೆ ಎಂದು ಲೆಕ್ಕ ಹಾಕಿ ಅವರು ಸದ್ಯಕ್ಕೆ ಬೇಡವೆಂದರು. ಆರು ತಿಂಗಳಲ್ಲಿ ತೂಕ ಏರಿದರೆ ಮತ್ತೆ ಆ ಮಾತು ಎತ್ತುವುದೆಂದು ಫೈಲಿನಲ್ಲಿ ಬರೆದಿದೆ.

ಇನ್ನು ಅಣ್ಣ. ಎಲ್ಲರೂ ಮಾದರಿಯಾಗಿ ತೋರಿಸುತ್ತಿದ್ದ ಅವರ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ತಾಯಿಗೆ ಸಕ್ಕರೆ ಇರುವುದರಿಂದ ಮಾಡಿಸಿದಾಗ ಎಚ್‌ಬಿಎ1ಸಿ 5.9, ಸೊಂಟ 91 ಬಂತು. ಬಿಎಂಐ 22.8 ಇದ್ದೂ ಹೊಟ್ಟೆಯೊಳಗೆ ಕೊಬ್ಬು ಕೂಡಿಕೊಳ್ಳುವುದು ನಮ್ಮವರಲ್ಲಿ ಹೊಸತಲ್ಲ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರೂ ತಮ್ಮ ಮೈಯನ್ನೇ ಅಳೆದು ತೋರಿಸಿದ್ದರು: ಇಬ್ಬರ ಬಿಎಂಐ 22.3, ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಅಣ್ಣನಿಗೆ ತೂಕ ಇಳಿಸುವ ಗುರಿ ಕೊಟ್ಟಿಲ್ಲ. ಕಾಳು ಹೆಚ್ಚು, ಅನ್ನ ಕಡಿಮೆ, ಊಟದ ಮೇಲೆ ನಡಿಗೆ, ವಾರಕ್ಕೆ ಮೂರು ದಿನ ತಮ್ಮನ ಜತೆ ಬಾಕ್ಸ್ ಎತ್ತುವುದು, ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ. ಅಣ್ಣನಿಗೆ ಒಂಬತ್ತು ವರ್ಷದ ಮಗನಿದ್ದಾನೆ. ಅವನ ಎತ್ತರ, ತೂಕ, ಸೊಂಟ ಅಳೆದು, ಕತ್ತಿನ ಚರ್ಮ ನೋಡಿ, ವರ್ಷಕ್ಕೊಮ್ಮೆ ಕರೆತರಲು ಹೇಳಿದೆ. ಹುಡುಗನಿಗೆ ಯಾವ ಡಯಟ್ಟೂ ಬೇಡ, ಮನೆಯಲ್ಲಿ ಅವನ ತೂಕದ ಮಾತೂ ಬೇಡ ಎಂದು ಅಜ್ಜಿಗೆ ಬಿಡಿಸಿ ಹೇಳಲಾಗಿದೆ.